ಒಂದು ಗಂಟೆ, ಎರಡು ಸ್ವರ: ಪ್ರಾಚೀನ ಚೀನಾದ ಕಂಚಿನ ಗಂಟೆಗಳು ಮತ್ತು ನಮ್ಮ ಶಬ್ದದ ಪಾಠ

ಅಭ್ಯಾಸ ಬೋಧನೆಯ ಎರಡನೆಯ ವಾರ ಒಂಬತ್ತನೆಯ ತರಗತಿಗೆ ‘ಶಬ್ದ’ ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ನಾನೊಂದು ವಾಕ್ಯ ಬರೆದೆ: ‘ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಒಂದು ಸ್ವಾಭಾವಿಕ ಆವೃತ್ತಿ ಇರುತ್ತದೆ.’ ಶ್ರುತಿಕವೆಯನ್ನು ರಬ್ಬರಿಗೆ ಬಡಿದು ಕೇಳಿಸಿದೆ. ಸ್ಟೀಲ್ ಲೋಟವನ್ನು ಪೆನ್ಸಿಲಿನಿಂದ ತಟ್ಟಿದೆ. ಎಲ್ಲಿ ತಟ್ಟಿದರೂ ಒಂದೇ ಸ್ವರ. ಪಾಠ ಯೋಜನೆಯಲ್ಲಿ ಬರೆದುಕೊಂಡಂತೆಯೇ ಎಲ್ಲವೂ ನಡೆಯುತ್ತಿತ್ತು.

ಮೇಜಿನ ಮೇಲೆ ಖಾಲಿ ಪಿಂಗಾಣಿ ಕಪ್ಪೊಂದಿತ್ತು. ಲೋಟ ತಟ್ಟಲು ಮುಂದೆ ಬಂದಿದ್ದ ಹುಡುಗಿ ಅದನ್ನೂ ತಟ್ಟಿ ನೋಡಿದಳು. “ಮಿಸ್, ಹಿಡಿ ಹತ್ರ ಹೊಡೆದ್ರೆ ಒಂಥರಾ ಕೇಳುತ್ತೆ, ಸ್ವಲ್ಪ ಪಕ್ಕಕ್ಕೆ ಹೊಡೆದ್ರೆ ಇನ್ನೊಂಥರಾ” ಎಂದಳು. ಸಮಯ ಮೀರುತ್ತಿತ್ತು. “ಕೈ ತಾಗಿರಬೇಕಮ್ಮ, ಹೋಗಿ ಕೂತ್ಕೋ” ಎಂದುಬಿಟ್ಟೆ. ಅವಳು ಕೂತಳು. ಆ ಅವಧಿಯಲ್ಲಿ ಮತ್ತೆ ಕೈ ಎತ್ತಲಿಲ್ಲ.

ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕರು ನನ್ನ ವೀಕ್ಷಣಾ ಪುಸ್ತಕದಲ್ಲಿ ಕಪ್ಪುಹಲಗೆ ಬಳಕೆ, ಧ್ವನಿ, ಸಮಯಪಾಲನೆಗಳ ಬಗ್ಗೆ ಒಳ್ಳೆಯದನ್ನೇ ಬರೆದು, ಕೊನೆಗೊಂದು ಸಾಲು ಸೇರಿಸಿದ್ದರು: ‘ಆ ವಿದ್ಯಾರ್ಥಿನಿ ಹೇಳಿದ್ದನ್ನು ನೀವು ಪರೀಕ್ಷಿಸಲಿಲ್ಲ.’ ಸಂಜೆ ಹಾಸ್ಟೆಲ್‌ನಲ್ಲಿ ಕಪ್ಪು ಹಿಡಿದು ಕೂತೆ. ಅವಳು ಹೇಳಿದ್ದೇ ಸರಿ. ಒಂದೇ ಕಪ್ಪಿನಲ್ಲಿ ಸ್ಪಷ್ಟವಾಗಿ ಎರಡು ಸ್ವರಗಳಿದ್ದವು.

ಇದಕ್ಕೆ ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಸುಮಾರು 2,400 ವರ್ಷ ಹಿಂದಿನ ಚೀನಾದ ಗಂಟೆಗಳು. ಕಪ್ಪಿನಲ್ಲಿ ಆಕಸ್ಮಿಕವಾಗಿ ಆಗುವುದನ್ನು ಅಲ್ಲಿನ ಎರಕದವರು ಉದ್ದೇಶಪೂರ್ವಕವಾಗಿ ಮಾಡಿ, ಪ್ರತಿ ಗಂಟೆಯಿಂದ ಎರಡೆರಡು ಸ್ವರ ತೆಗೆದು, ಅದರ ಮೇಲೆ ಒಂದು ಸಂಗೀತವನ್ನೇ ಕಟ್ಟಿದ್ದರು. ಆ ಗಂಟೆಗಳ ರಚನೆ, ಅವುಗಳ ಹಿಂದಿನ ಭೌತಶಾಸ್ತ್ರ, ನಮ್ಮ ತರಗತಿಗಳಲ್ಲಿ ಅವನ್ನು ಬಳಸಿಕೊಳ್ಳುವ ಬಗೆ ಈ ಲೇಖನದ ವಿಷಯ.

ಸಮಾಧಿಯಲ್ಲಿ ಸಿಕ್ಕ ವಾದ್ಯ

ಒಂದು ಶ್ರುತಿಕ್ರಮಕ್ಕೆ ಹೊಂದಿಸಿ ಸಾಲಾಗಿ ತೂಗುಹಾಕಿದ ಕಂಚಿನ ಗಂಟೆಗಳ ಗುಂಪಿಗೆ ಚೀನೀ ಭಾಷೆಯಲ್ಲಿ ‘ಬಿಯಾನ್‌ಜೊಂಗ್’ ಎನ್ನುತ್ತಾರೆ. ‘ಜೊಂಗ್’ ಎಂದರೆ ಗಂಟೆ. ‘ಬಿಯಾನ್’ ಎಂದರೆ ಕ್ರಮವಾಗಿ ಜೋಡಿಸಿದ್ದು. ಇಂಥ ಗುಂಪುಗಳು ಚೀನಾದ ಹಲವೆಡೆ ದೊರೆತಿವೆ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಜೆಂಗ್ ಎಂಬ ಸಣ್ಣ ರಾಜ್ಯದ ಅಧಿಪತಿ ಯಿ ಎಂಬವನ ಸಮಾಧಿಯಲ್ಲಿ ಸಿಕ್ಕ ಗುಂಪು.

ಹುಬೇ ಪ್ರಾಂತ್ಯದ ಸುಯ್‌ಜೋ ಬಳಿಯ ಲೈಗುಡುನ್ ಎಂಬಲ್ಲಿ 1977ರಲ್ಲಿ ಕಟ್ಟಡ ಕಾಮಗಾರಿಗಾಗಿ ಗುಡ್ಡವೊಂದನ್ನು ಸಮತಟ್ಟು ಮಾಡುತ್ತಿದ್ದಾಗ ಈ ಸಮಾಧಿಯ ಸುಳಿವು ದೊರೆಯಿತು. 1978ರಲ್ಲಿ ಉತ್ಖನನ ನಡೆಯಿತು. ಮರದ ದಿಮ್ಮಿಗಳಿಂದ ಕಟ್ಟಿದ ನಾಲ್ಕು ಕೋಣೆಗಳಲ್ಲಿ ನೀರು ತುಂಬಿಕೊಂಡಿತ್ತು. ನೀರಿನಲ್ಲಿ ಮುಳುಗಿದ್ದರಿಂದಲೇ ಮರದ ವಸ್ತುಗಳೂ ಕೊಳೆಯದೆ ಉಳಿದಿದ್ದವು. ನೀರು ಇಳಿಸಿದಾಗ ನಡುವಿನ ಕೋಣೆಯಲ್ಲಿ ಗಂಟೆಗಳ ಚೌಕಟ್ಟು ನಿಂತೇ ಇತ್ತು. ಬಹುಪಾಲು ಗಂಟೆಗಳು ಅದರಲ್ಲಿ ತೂಗುತ್ತಲೇ ಇದ್ದವು.

ಒಟ್ಟು ಗಂಟೆಗಳು 65. ಅವು ಮೂರು ಸಾಲುಗಳಲ್ಲಿವೆ. ಮೇಲಿನ ಸಾಲಿನಲ್ಲಿ 19 ಚಿಕ್ಕ ಗಂಟೆಗಳು, ನಡುವಿನ ಸಾಲಿನಲ್ಲಿ 33, ಕೆಳಗಿನ ಸಾಲಿನಲ್ಲಿ 13. ಅತಿ ದೊಡ್ಡ ಗಂಟೆ ಸುಮಾರು ಒಂದೂವರೆ ಮೀಟರ್ ಎತ್ತರವಿದ್ದು 200 ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಅತಿ ಚಿಕ್ಕದು ಸುಮಾರು 20 ಸೆಂಟಿಮೀಟರ್ ಎತ್ತರ, ತೂಕ ಎರಡೂವರೆ ಕಿಲೋಗ್ರಾಂ ಆಸುಪಾಸು. ಎಲ್ಲ ಸೇರಿ ಸುಮಾರು ಎರಡೂವರೆ ಟನ್ ಕಂಚು. ಚೌಕಟ್ಟು ಕೋಣೆಯ ಮೂಲೆಯಲ್ಲಿ ಲಂಬಕೋನದಲ್ಲಿ ತಿರುಗುತ್ತದೆ. ಒಂದು ಬದಿ ಏಳು ಮೀಟರಿಗಿಂತ ಉದ್ದ, ಇನ್ನೊಂದು ಬದಿ ಮೂರು ಮೀಟರಿಗಿಂತ ಉದ್ದ. ಅದರ ಮರದ ತೊಲೆಗಳನ್ನು ಕತ್ತಿ ಧರಿಸಿದ ಆರು ಕಂಚಿನ ಮನುಷ್ಯಾಕೃತಿಗಳು ತಲೆ ಮತ್ತು ಕೈಗಳಿಂದ ಹೊತ್ತು ನಿಂತಿವೆ.

ಕೆಳಸಾಲಿನ ನಡುವೆ ಇರುವ ಒಂದು ಗಂಟೆ ಮಾತ್ರ ಬೇರೆ ಬಗೆಯದು. ನೆರೆಯ ಬಲಿಷ್ಠ ಚು ರಾಜ್ಯದ ದೊರೆ ಹುಯಿ ತನ್ನ ಆಳ್ವಿಕೆಯ 56ನೇ ವರ್ಷದಲ್ಲಿ ಇದನ್ನು ಯಿಗಾಗಿ ಮಾಡಿಸಿ ಕಳುಹಿಸಿದನೆಂದು ಅದರ ಮೇಲಿನ ಬರಹ ತಿಳಿಸುತ್ತದೆ. ಆ ವರ್ಷ ಕ್ರಿ.ಪೂ. 433. ಸಮಾಧಿಯ ಕಾಲವನ್ನು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾದದ್ದು ಆ ಒಂದು ಗಂಟೆಯಿಂದ.

ನಾಡಹೆಂಚಿನ ಆಕಾರ

ಗಂಟೆ ಎಂದಕೂಡಲೇ ನಮ್ಮ ಕಣ್ಣಿಗೆ ಬರುವುದು ದುಂಡು ಬಾಯಿಯ, ಒಳಗೆ ನಾಲಿಗೆ ತೂಗುವ ದೇವಸ್ಥಾನದ ಗಂಟೆ. ಈ ಚೀನೀ ಗಂಟೆಗಳಿಗೆ ನಾಲಿಗೆಯೇ ಇಲ್ಲ. ಹೊರಗಿನಿಂದ ಮರದ ಸುತ್ತಿಗೆಯಲ್ಲಿ ಬಡಿದೇ ನುಡಿಸಬೇಕು. ಬಾಯಿಯೂ ದುಂಡಲ್ಲ. ಕೆಳಗಿನಿಂದ ನೋಡಿದರೆ ಬಾದಾಮಿಯ ಹಾಗೆ ಕಾಣುತ್ತದೆ: ಎರಡು ಕಡೆ ಉಬ್ಬಿದ ಮುಖಗಳು, ಅವು ಸೇರುವಲ್ಲಿ ಎರಡು ಚೂಪು ಅಂಚುಗಳು.

ಹನ್ನೊಂದನೆಯ ಶತಮಾನದ ಚೀನೀ ವಿದ್ವಾಂಸ ಶೆನ್ ಕುವೊ ಹಳೆಯ ಸಂಗೀತದ ಗಂಟೆಗಳನ್ನು ಗಮನಿಸಿ, ಅವು ಎರಡು ಹೆಂಚುಗಳನ್ನು ಎದುರುಬದುರು ಜೋಡಿಸಿದಂತೆ ಚಪ್ಪಟೆಯಾಗಿವೆ ಎಂದು ಬರೆದಿದ್ದಾನೆ. ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಕಿಲ್ಲ. ಹಳ್ಳಿಮನೆಯ ಎರಡು ನಾಡಹೆಂಚುಗಳನ್ನು ಬೊಗಸೆಯಂತೆ ಒಂದಕ್ಕೊಂದು ಎದುರಾಗಿ ಹಿಡಿದರೆ ಆ ಗಂಟೆಯ ಆಕಾರ ಕೈಯಲ್ಲೇ ಸಿಗುತ್ತದೆ.

ಪ್ರತಿ ಗಂಟೆಯಲ್ಲೂ ಬಡಿಯಲು ಎರಡು ಸ್ಥಾನಗಳಿವೆ. ಒಂದು, ಮುಂಭಾಗದ ಕೆಳ ಅಂಚಿನ ನಟ್ಟನಡುವೆ. ಇದಕ್ಕೆ ‘ಸುಯ್’ ಎಂದು ಹೆಸರು. ಇನ್ನೊಂದು, ಆ ನಡುವಿಗೂ ಚೂಪು ಅಂಚಿಗೂ ಮಧ್ಯೆ, ಪಕ್ಕಕ್ಕೆ. ಅದು ‘ಗು’. ನಡುವೆ ಬಡಿದರೆ ಕೆಳಗಿನ ಸ್ವರ, ಪಕ್ಕಕ್ಕೆ ಬಡಿದರೆ ಮೇಲಿನ ಸ್ವರ.

ಎರಡು ಸ್ವರಗಳ ನಡುವಿನ ಅಂತರವೂ ಮನಬಂದಂತೆ ಇಲ್ಲ. ನಮ್ಮ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಕೆಳಗಿನದನ್ನು ಷಡ್ಜವೆಂದುಕೊಂಡರೆ ಮೇಲಿನದು ಕೆಲವು ಗಂಟೆಗಳಲ್ಲಿ ಸಾಧಾರಣ ಗಾಂಧಾರದ ಹತ್ತಿರ, ಉಳಿದವುಗಳಲ್ಲಿ ಅಂತರ ಗಾಂಧಾರದ ಹತ್ತಿರ ಬರುತ್ತದೆ. ಲೆಕ್ಕದಲ್ಲಿ ನೋಡೋಣ. ಕೆಳಸ್ವರದ ಆವೃತ್ತಿ 400 ಹರ್ಟ್ಸ್ ಎಂದುಕೊಂಡರೆ 6:5 ಅನುಪಾತದ ಸಾಧಾರಣ ಗಾಂಧಾರ 480 ಹರ್ಟ್ಸ್. 5:4 ಅನುಪಾತದ ಅಂತರ ಗಾಂಧಾರ 500 ಹರ್ಟ್ಸ್. ಇದು ಸಂಗೀತ ಕಲಿಯದವರ ಕಿವಿಗೂ ಸುಲಭವಾಗಿ ತಿಳಿಯುವ ವ್ಯತ್ಯಾಸ.

ಒಂದೇ ಲೋಹ, ಎರಡು ಆವೃತ್ತಿ: ಹೇಗೆ?

ಮೊದಲು ದುಂಡು ಲೋಟವನ್ನೇ ತೆಗೆದುಕೊಳ್ಳೋಣ. ಅದರ ಅಂಚನ್ನು ತಟ್ಟಿದಾಗ ಅಂಚಿನ ವೃತ್ತ ಸ್ವಲ್ಪವೇ ಸ್ವಲ್ಪ ಚಪ್ಪಟೆಯಾಗಿ ಅಂಡಾಕಾರಕ್ಕೆ ತಿರುಗುತ್ತದೆ; ಮರುಕ್ಷಣ ಅಡ್ಡದಿಕ್ಕಿನಲ್ಲಿ ಅಂಡಾಕಾರವಾಗುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ಅತ್ತಿತ್ತ ಬಾಗುವುದೇ ಲೋಟದ ಕಂಪನ. ಈ ಬಾಗುವಿಕೆಯಲ್ಲಿ ಅಂಚಿನ ನಾಲ್ಕು ಜಾಗಗಳು ಅತಿ ಹೆಚ್ಚು ಒಳಹೊರಗೆ ಚಲಿಸುತ್ತವೆ. ಅವುಗಳ ನಡುವಿನ ನಾಲ್ಕು ಜಾಗಗಳು ಒಳಹೊರಗೆ ಚಲಿಸುವುದೇ ಇಲ್ಲ ಎನ್ನಬಹುದು. ಹೆಚ್ಚು ಚಲಿಸುವ ಜಾಗ ಪ್ರಸ್ಪಂದ, ಚಲಿಸದ ಜಾಗ ನಿಸ್ಪಂದ. ಕಪ್ಪುಹಲಗೆಯ ಮೇಲೆ ಒಂದು ವೃತ್ತ, ಅದರ ಮೇಲೆ ಒಂದು ಅಡ್ಡ ಅಂಡಾಕೃತಿ, ಒಂದು ಉದ್ದ ಅಂಡಾಕೃತಿ ಬರೆದರೆ ಅವು ಒಂದನ್ನೊಂದು ಕತ್ತರಿಸುವ ನಾಲ್ಕು ಬಿಂದುಗಳೇ ನಿಸ್ಪಂದಗಳು ಎಂದು ತೋರಿಸಬಹುದು.

ದುಂಡು ಲೋಟದಲ್ಲಿ ಎಲ್ಲ ದಿಕ್ಕುಗಳೂ ಸಮಾನ. ಆದ್ದರಿಂದ ನಾವು ತಟ್ಟಿದ ಜಾಗವೇ ಪ್ರಸ್ಪಂದವಾಗುತ್ತದೆ. ಉಳಿದ ಮೂರು ಅದಕ್ಕೆ ತಕ್ಕಂತೆ ಕೂರುತ್ತವೆ. ಎಲ್ಲಿ ತಟ್ಟಿದರೂ ಸ್ವರ ಒಂದೇ.

ಈಗ ಅದಕ್ಕೆ ಒಂದು ಹಿಡಿ ಸೇರಿಸಿ. ಅದೇ ನಮ್ಮ ಚಹಾ ಕಪ್ಪು. ಹಿಡಿಯ ನೇರಕ್ಕೆ ತಟ್ಟಿದರೆ ಹಿಡಿ ಇರುವ ಜಾಗ ಪ್ರಸ್ಪಂದವಾಗಬೇಕು. ಅಂದರೆ ಅಂಚು ತನ್ನ ಜತೆಗೆ ಹಿಡಿಯ ಭಾರವನ್ನೂ ಎಳೆದಾಡಬೇಕು. ಭಾರ ಹೆಚ್ಚಿದರೆ ಕಂಪನ ನಿಧಾನ, ಆವೃತ್ತಿ ಕಡಿಮೆ, ಸ್ವರ ಕೆಳಗೆ. ಹಿಡಿಯಿಂದ 45 ಡಿಗ್ರಿ ಪಕ್ಕಕ್ಕೆ ತಟ್ಟಿದರೆ ಹಿಡಿ ನಿಸ್ಪಂದದಲ್ಲಿ ಬೀಳುತ್ತದೆ. ಆಗ ಅದು ಹೆಚ್ಚು ಅಲುಗಬೇಕಾಗಿಲ್ಲ, ಹೊರೆ ಹಗುರ. ಆವೃತ್ತಿ ಹೆಚ್ಚು, ಸ್ವರ ಮೇಲೆ. ಆ ಹುಡುಗಿ ಕೇಳಿಸಿಕೊಂಡದ್ದು ಇದನ್ನೇ.

ಚೀನೀ ಗಂಟೆಯಲ್ಲಿ ಹಿಡಿಯ ಕೆಲಸವನ್ನು ಬಾದಾಮಿಯ ಆಕಾರ ಮಾಡುತ್ತದೆ. ಎರಡು ಚೂಪು ಅಂಚುಗಳಿರುವುದರಿಂದ ಎಲ್ಲ ದಿಕ್ಕುಗಳೂ ಇನ್ನು ಸಮಾನವಲ್ಲ. ಕಂಪನ ಮನಸ್ಸಿಗೆ ಬಂದಲ್ಲಿ ಕೂರುವಂತಿಲ್ಲ. ಎರಡೇ ಎರಡು ನಿಶ್ಚಿತ ವಿನ್ಯಾಸಗಳಿವೆ. ಮೊದಲನೆಯದರಲ್ಲಿ ಎರಡು ಮುಖಗಳ ನಡುಭಾಗ ಮತ್ತು ಎರಡು ಚೂಪು ಅಂಚುಗಳು ಪ್ರಸ್ಪಂದಗಳು. ಎರಡನೆಯದರಲ್ಲಿ ಅವೇ ಜಾಗಗಳು ನಿಸ್ಪಂದಗಳು. ನಡುವಿಗೂ ಅಂಚಿಗೂ ಮಧ್ಯದ ನಾಲ್ಕು ಜಾಗಗಳು ಪ್ರಸ್ಪಂದಗಳು. ಎರಡು ವಿನ್ಯಾಸಗಳಲ್ಲಿ ಗಂಟೆಯ ಗೋಡೆ ಬೇರೆ ಬೇರೆ ರೀತಿ ಬಾಗಬೇಕಾದ್ದರಿಂದ ಆವೃತ್ತಿಗಳೂ ಬೇರೆ.

ಇಲ್ಲಿನ ಜಾಣ್ಮೆಯನ್ನು ಗಮನಿಸಬೇಕು. ‘ಸುಯ್’ ಸ್ಥಾನ ಮೊದಲ ವಿನ್ಯಾಸದ ಪ್ರಸ್ಪಂದ. ಎರಡನೆಯದರ ನಿಸ್ಪಂದವೂ ಅದೇ. ನಿಸ್ಪಂದದ ಮೇಲೆ ಬಡಿದರೆ ಆ ವಿನ್ಯಾಸ ಎಚ್ಚರಗೊಳ್ಳುವುದಿಲ್ಲ. ಆದ್ದರಿಂದ ನಡುವೆ ಬಡಿದಾಗ ಕೆಳಸ್ವರ ಮಾತ್ರ ಕೇಳುತ್ತದೆ, ಮೇಲಿನದು ಸುಮ್ಮನಿರುತ್ತದೆ. ‘ಗು’ ಸ್ಥಾನದಲ್ಲಿ ಇದರ ತಿರುಗುಮುರುಗು. ಎರಡೂ ಸ್ವರ ಒಟ್ಟಿಗೆ ಬೆರೆತು ಗೊಂದಲವಾಗದೆ ಒಂದೊಂದಾಗಿ ಶುದ್ಧವಾಗಿ ಹೊರಡುವುದು ಇದರಿಂದಲೇ.

ನಮ್ಮ ದೇವಸ್ಥಾನದ ಗಂಟೆಯಲ್ಲೂ ಇದೇ ಇದೆ

ದೊಡ್ಡ ಗಂಟೆಯೊಂದನ್ನು ಬಾರಿಸಿ ಕಿವಿಗೊಟ್ಟರೆ ನಾದ ಒಂದೇ ಸಮ ಇಳಿಯುವುದಿಲ್ಲ. ಜೋರಾಗಿ, ಮೆಲ್ಲಗಾಗಿ, ಮತ್ತೆ ಜೋರಾಗಿ ಅಲೆಅಲೆಯಾಗಿ ನಡುಗುತ್ತದೆ. ಬಿ.ಎಸ್ಸಿ.ಯಲ್ಲಿ ಬೀಟ್ಸ್ ಎಂದು ಓದಿದ್ದು ಇದನ್ನೇ: ಬಹಳ ಹತ್ತಿರದ ಎರಡು ಆವೃತ್ತಿಗಳು ಒಟ್ಟಿಗೆ ನುಡಿದಾಗ ಹೀಗಾಗುತ್ತದೆ. ಒಂದೇ ಗಂಟೆಯಲ್ಲಿ ಎರಡು ಆವೃತ್ತಿ ಎಲ್ಲಿಂದ ಬಂತು? ಎರಕದ ಗಂಟೆ ಎಷ್ಟೇ ದುಂಡಾಗಿ ಕಂಡರೂ ಪೂರ್ಣ ದುಂಡಲ್ಲ. ಒಂದು ಕಡೆ ಗೋಡೆ ಕೂದಲೆಳೆ ದಪ್ಪ, ಇನ್ನೊಂದು ಕಡೆ ತೆಳು. ಅಷ್ಟು ಸಾಕು, ಎರಡು ವಿನ್ಯಾಸಗಳ ಆವೃತ್ತಿಗಳು ಸ್ವಲ್ಪ ಬೇರ್ಪಡುತ್ತವೆ, ನಾದ ನಡುಗುತ್ತದೆ.

ಅಂದರೆ ದುಂಡು ಗಂಟೆಯ ಎರಕದಲ್ಲಿ ಕೊರತೆಯೆಂದು ಎಣಿಸಬಹುದಾದ ಸಣ್ಣ ಅಸಮತೆಯನ್ನು ಚೀನಾದ ಎರಕದವರು ದೊಡ್ಡದು ಮಾಡಿದರು. ಎರಡು ಆವೃತ್ತಿಗಳು ನಡುಗುವಷ್ಟು ಹತ್ತಿರ ಇರದೆ, ಎರಡು ಬೇರೆ ಸ್ವರಗಳೆನ್ನಿಸುವಷ್ಟು ದೂರ ಸರಿದವು.

ಚಪ್ಪಟೆ ಆಕಾರದಿಂದ ಇನ್ನೊಂದು ಲಾಭವೂ ಇದೆ. ದುಂಡು ಗಂಟೆಯ ನಾದ ಬಹಳ ಹೊತ್ತು ಉಳಿಯುತ್ತದೆ. ಪೂಜೆಗೆ ಅದು ಚೆಂದ. ಆದರೆ ಒಂದರ ಹಿಂದೊಂದು ಸ್ವರ ನುಡಿಸುವಾಗ ಹಿಂದಿನದು ನಿಲ್ಲದಿದ್ದರೆ ಮುಂದಿನದರ ಜತೆ ಕಲಸಿಹೋಗುತ್ತದೆ. ಶೆನ್ ಕುವೊ ಈ ಮಾತನ್ನೂ ಹೇಳಿದ್ದಾನೆ: ದುಂಡಾದರೆ ನಾದ ಉದ್ದ, ಚಪ್ಪಟೆಯಾದರೆ ಗಿಡ್ಡ, ರಾಗ ನುಡಿಸಲು ಗಿಡ್ಡ ನಾದವೇ ಬೇಕು. ಹಲವು ಗಂಟೆಗಳ ಮೈಮೇಲೆ ಸಾಲಾಗಿ ಮೊಳೆಯಂಥ ಗುಬುಟುಗಳಿವೆ, ಸಾಮಾನ್ಯವಾಗಿ ಒಂದು ಗಂಟೆಗೆ 36. ಅಲಂಕಾರದ ಜತೆಗೆ ಬೇಡದ ಮೇಲ್ಸ್ವರಗಳನ್ನು ಬೇಗ ಅಡಗಿಸಲೂ ಇವು ನೆರವಾಗುತ್ತವೆಂದು ಸಂಶೋಧಕರು ವಿವರಿಸುತ್ತಾರೆ.

ಎರಕ ಮತ್ತು ಶ್ರುತಿ ಕೂಡಿಸುವಿಕೆ

ಕಂಚು ಎಂದರೆ ತಾಮ್ರ ಮತ್ತು ತವರದ ಮಿಶ್ರಲೋಹ. ಈ ಗಂಟೆಗಳಲ್ಲಿ ತವರ ಸುಮಾರು ಶೇ. 12ರಿಂದ 14, ಜತೆಗೆ ಸ್ವಲ್ಪ ಸೀಸ. ತವರ ಕಡಿಮೆಯಾದರೆ ನಾದ ಮಂಕು, ಹೆಚ್ಚಾದರೆ ಲೋಹ ಪೆಡಸಾಗಿ ಬಡಿತಕ್ಕೆ ಸೀಳುತ್ತದೆ. ನಮ್ಮಲ್ಲಿ ವಿಗ್ರಹ ಎರಕಕ್ಕೆ ಮೇಣದ ಅಚ್ಚು ಹೆಚ್ಚು ಪರಿಚಿತ. ಅಲ್ಲಿ ಬಳಸಿದ್ದು ಜೇಡಿಮಣ್ಣಿನ ತುಂಡು ಅಚ್ಚು. ಹೊರಮೈಗೆ ಹಲವು ತುಂಡುಗಳು, ಒಳಗೆ ಒಂದು ಮಣ್ಣಿನ ತಿರುಳು. ಇವೆರಡರ ನಡುವಿನ ಸಂದಿಗೆ ಕರಗಿದ ಕಂಚು ಸುರಿದು, ಆರಿದ ಮೇಲೆ ಅಚ್ಚು ಒಡೆಯುತ್ತಿದ್ದರು. ಸಂದಿಯ ಅಗಲವೇ ಗಂಟೆಯ ಗೋಡೆಯ ದಪ್ಪ. ಅದು ಸ್ವಲ್ಪ ಹೆಚ್ಚುಕಡಿಮೆಯಾದರೂ ಸ್ವರ ಬದಲಾಗುತ್ತದೆ.

ಎರಕದ ನಂತರ ಶ್ರುತಿ ಕೂಡಿಸಬೇಕು. ಅದಕ್ಕಾಗಿ ಒಳಗಿನಿಂದ ಅಂಚಿನ ಬಳಿ ಲೋಹವನ್ನು ಕೆರೆದು ತೆಗೆಯುತ್ತಿದ್ದರು. ಆ ಗುರುತುಗಳು ಈಗಲೂ ಕಾಣುತ್ತವೆ. ಗೋಡೆ ತೆಳುವಾದಂತೆ ಅದು ಸುಲಭವಾಗಿ ಬಾಗುತ್ತದೆ, ಸ್ವರ ಇಳಿಯುತ್ತದೆ. ಆದರೆ ಕೆರೆದ ಲೋಹವನ್ನು ಮತ್ತೆ ಅಂಟಿಸಲಾಗದು. ವೀಣೆಯ ಬಿರಡೆಯಂತೆ ಹಿಂದಕ್ಕೂ ಮುಂದಕ್ಕೂ ತಿರುಗಿಸುವ ಅನುಕೂಲ ಇಲ್ಲಿಲ್ಲ. ಮೇಲಾಗಿ ಹೊಂದಿಸಬೇಕಾದ ಸ್ವರ ಒಂದಲ್ಲ, ಎರಡು. ಒಂದನ್ನು ಸರಿಮಾಡಲು ಕೆರೆದದ್ದು ಇನ್ನೊಂದನ್ನೂ ಅಷ್ಟಿಷ್ಟು ಅಲುಗಿಸುತ್ತದೆ. ಎಲ್ಲಿ, ಎಷ್ಟು ಕೆರೆಯಬೇಕೆಂಬುದನ್ನು ಕೈ ಮತ್ತು ಕಿವಿಯಿಂದಲೇ ಅರಿಯಬೇಕಿತ್ತು. ಆವೃತ್ತಿ ಅಳೆಯುವ ಸಾಧನ ಇಲ್ಲದ ಕಾಲದಲ್ಲಿ 65 ಗಂಟೆಗಳಿಗೆ ಈ ಕೆಲಸ ಮಾಡಿದವರ ಹೆಸರು ಎಲ್ಲೂ ಉಳಿದಿಲ್ಲ.

ಫಲಿತಾಂಶ ಮಾತ್ರ ಉಳಿದಿದೆ. ಈ ವಾದ್ಯದ ವ್ಯಾಪ್ತಿ ಐದು ಸ್ಥಾಯಿ. (ಇಲ್ಲಿ ‘ಸ್ಥಾಯಿ’ ಎಂದರೆ ಮಂದ್ರ, ಮಧ್ಯ, ತಾರ ಎಂಬ ಸಂಗೀತದ ಅರ್ಥ. ವಿಜ್ಞಾನ ಪಾಠದಲ್ಲಿ ಇದೇ ಪದವನ್ನು ಸ್ವರದ ಎತ್ತರಕ್ಕೂ ಬಳಸುತ್ತೇವೆ. ಸಂಗೀತ ಕಲಿಯುವ ಮಕ್ಕಳಿಗೆ ಗೊಂದಲವಾಗದಂತೆ ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು.) ಭಜನೆಯ ಹಾರ್ಮೋನಿಯಂ ಸಾಮಾನ್ಯವಾಗಿ ಮೂರು, ಮೂರೂವರೆ ಸ್ಥಾಯಿಯದು. ಗಂಟೆಗಳ ನಡುವಿನ ಮೂರು ಸ್ಥಾಯಿಗಳಲ್ಲಿ ಹನ್ನೆರಡು ಸ್ವರಸ್ಥಾನಗಳೂ ಸಿಗುತ್ತವೆ. ಜಲತರಂಗದಲ್ಲಿ ಒಂದು ಬಟ್ಟಲಿಗೆ ಒಂದು ಸ್ವರ. ಇಲ್ಲಿ ಒಂದು ಗಂಟೆಗೆ ಎರಡು; ಹಾಗಾಗಿ ಕಂಚೂ ಜಾಗವೂ ಹೆಚ್ಚುಕಡಿಮೆ ಅರ್ಧದಷ್ಟು ಉಳಿತಾಯ.

ಗಂಟೆಯೇ ಕೊಟ್ಟ ಸಾಕ್ಷಿ

ಒಂದು ಗಂಟೆಯಿಂದ ಎರಡು ಸ್ವರ ಎಂಬ ವಿಷಯ ಕಾಲಾಂತರದಲ್ಲಿ ಮರೆತುಹೋಗಿತ್ತು. ಸಂಗೀತ ಇತಿಹಾಸಕಾರ ಹುವಾಂಗ್ ಶಿಯಾಂಗ್‌ಪೆಂಗ್ ಮತ್ತು ಸಂಗಡಿಗರು 1977ರಲ್ಲಿ ಚೀನಾದ ಹಲವು ಪ್ರಾಂತ್ಯಗಳಲ್ಲಿದ್ದ ಹಳೆಯ ಗಂಟೆಗಳ ಸ್ವರಗಳನ್ನು ಪರಿಶೀಲಿಸಿದರು. ನಡುವೆ ಒಂದು, ಪಕ್ಕಕ್ಕೆ ಒಂದು ಸ್ವರ ಬರುವುದನ್ನು ಗಮನಿಸಿದ ಹುವಾಂಗ್, ಇದು ಆಕಸ್ಮಿಕವಲ್ಲ, ಬೇಕೆಂದೇ ಮಾಡಿದ್ದು ಎಂದು ವಾದಿಸಿದರು. ಅನೇಕರಿಗೆ ಇದು ಒಪ್ಪಿಗೆಯಾಗಲಿಲ್ಲ. ಸಂದೇಹ ಅಸಹಜವೇನೂ ಅಲ್ಲ. ಕಪ್ಪಿನಲ್ಲೂ ಎರಡು ಸ್ವರ ಬರುತ್ತದೆ, ಹಾಗೆಂದು ಕುಂಬಾರರು ಬೇಕೆಂದು ಮಾಡಿದ್ದಲ್ಲವಲ್ಲ.

ಮರುವರ್ಷವೇ ಲೈಗುಡುನ್ ಸಮಾಧಿ ತೆರೆಯಿತು. ಗಂಟೆಗಳ ಮೇಲೆ ಸುಮಾರು 2,800 ಅಕ್ಷರಗಳ ಬರಹವಿತ್ತು. ನಡುವಿನ ಸ್ಥಾನದಲ್ಲಿ ಒಂದು ಸ್ವರದ ಹೆಸರು, ಪಕ್ಕದ ಸ್ಥಾನದಲ್ಲಿ ಇನ್ನೊಂದು ಸ್ವರದ ಹೆಸರು ಕೆತ್ತಿತ್ತು. ಬಡಿದು ನೋಡಿದರೆ ಆಯಾ ಸ್ವರವೇ ಕೇಳಿತು. ವಾದ ಅಲ್ಲಿಗೆ ಮುಗಿಯಿತು.

ಬರಹದಲ್ಲಿ ಇನ್ನೂ ಹೆಚ್ಚಿನದಿದೆ. ಚೀನೀ ಸಂಗೀತದ ಐದು ಮೂಲಸ್ವರಗಳಾದ ಗೊಂಗ್, ಶಾಂಗ್, ಜುಯೆ, ಜಿ, ಯುಗಳ ಹೆಸರುಗಳಿವೆ. ಗೊಂಗ್ ಅನ್ನು ಷಡ್ಜವಾಗಿಟ್ಟರೆ ಈ ಐದು ಸ್ವರಗಳು ನಮ್ಮ ಮೋಹನ ರಾಗದ ಸ, ರಿ, ಗ, ಪ, ದ ಸ್ಥಾನಗಳಿಗೆ ಹೊಂದುತ್ತವೆ. ಜೊತೆಗೆ, ಜೆಂಗ್‌ನಲ್ಲಿ ಈ ಹೆಸರಿನ ಶ್ರುತಿಯನ್ನು ಚು ರಾಜ್ಯದಲ್ಲಿ ಏನೆನ್ನುತ್ತಾರೆ, ಜಿನ್, ಚಿ ಮೊದಲಾದ ರಾಜ್ಯಗಳಲ್ಲಿ ಏನೆನ್ನುತ್ತಾರೆ ಎಂಬ ಹೋಲಿಕೆಗಳೂ ಇವೆ. ಒಂದು ಬಗೆಯಲ್ಲಿ ಇದು ಕಂಚಿನ ಮೇಲೆ ಬರೆದ ಸಂಗೀತದ ಪಠ್ಯಪುಸ್ತಕ. ವಸ್ತು ಮತ್ತು ವಿವರಣೆ ಎರಡೂ ಒಂದೇ ಕಡೆ ಇವೆ.

ಸಮಾಧಿಯಲ್ಲಿ ಮರದ ಆರು ಸುತ್ತಿಗೆಗಳೂ ಎರಡು ಉದ್ದನೆಯ ಕೋಲುಗಳೂ ಸಿಕ್ಕಿದವು. ಚಿಕ್ಕ ಮತ್ತು ಮಧ್ಯಮ ಗಂಟೆಗಳಿಗೆ ತಲಾ ಎರಡು ಸುತ್ತಿಗೆ ಹಿಡಿದ ಮೂವರು, ದೊಡ್ಡವುಗಳಿಗೆ ಕೋಲು ಹಿಡಿದ ಇಬ್ಬರು, ಹೀಗೆ ಐವರು ನುಡಿಸುತ್ತಿದ್ದಿರಬೇಕೆಂದು ಲೆಕ್ಕ. 1978ರ ಆಗಸ್ಟ್ 1ರಂದು ಮೂಲ ಗಂಟೆಗಳನ್ನೇ ನುಡಿಸಿ ಕಾರ್ಯಕ್ರಮ ನಡೆಸಿದರು. ಅನಂತರ ಅವನ್ನು ನುಡಿಸಿದ್ದು ಬೆರಳೆಣಿಕೆಯ ಸಲ. ಇಂದು ವುಹಾನ್‌ನಲ್ಲಿರುವ ಹುಬೇ ಪ್ರಾಂತೀಯ ವಸ್ತುಸಂಗ್ರಹಾಲಯದಲ್ಲಿ ಮೂಲ ಗಂಟೆಗಳಿವೆ. ಕಛೇರಿಗಳಿಗೆ ಪ್ರತಿಕೃತಿಗಳನ್ನು ಬಳಸುತ್ತಾರೆ.

ಹೇಳದೆ ಬಿಡಬಾರದ ಒಂದು ಸಂಗತಿ

ಇದೇ ಸಮಾಧಿಯಲ್ಲಿ ಅಧಿಪತಿಯ ಜೊತೆಗೆ 21 ಯುವತಿಯರ ಶವಪೆಟ್ಟಿಗೆಗಳೂ ಇದ್ದವು. ಎಂಟು ಅವನ ಕೋಣೆಯಲ್ಲಿ, ಹದಿಮೂರು ಇನ್ನೊಂದು ಕೋಣೆಯಲ್ಲಿ. ಅವನ ಸಾವಿನೊಂದಿಗೆ ಅವರ ಬದುಕನ್ನೂ ಮುಗಿಸಲಾಗಿತ್ತು. ಕೆಲವರಂತೂ ಇನ್ನೂ ಹದಿಹರೆಯದವರು. ಅವರಲ್ಲಿ ವಾದಕಿಯರೂ ನರ್ತಕಿಯರೂ ಇದ್ದಿರಬಹುದೆಂದು ವಿದ್ವಾಂಸರು ಊಹಿಸುತ್ತಾರೆ.

ವಿಜ್ಞಾನದ ಅವಧಿಯಲ್ಲಿ ಇದನ್ನು ಹೇಳಬೇಕೇ ಎಂದು ನಾನು ಯೋಚಿಸಿದೆ. ಗಂಟೆಗಳ ಕೌಶಲವನ್ನು ಮಾತ್ರ ಹೊಗಳಿ ನಿಲ್ಲಿಸಿದರೆ ಮಕ್ಕಳಿಗೆ ಅರ್ಧ ಚಿತ್ರವಷ್ಟೇ ಸಿಗುತ್ತದೆ. ಎರಡೂವರೆ ಟನ್ ಕಂಚನ್ನು ಮಣ್ಣಿಗೆ ಹಾಕುವಷ್ಟು ಅಧಿಕಾರವಿದ್ದವನಿಗೆ ಮನುಷ್ಯರನ್ನೂ ಮಣ್ಣಿಗೆ ಹಾಕುವ ಅಧಿಕಾರವಿತ್ತು. ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳ ವಯಸ್ಸಿಗೂ ಆ ಕಿರಿಯರ ವಯಸ್ಸಿಗೂ ಹೆಚ್ಚು ಅಂತರವಿಲ್ಲ. ಸಮಾಜ ವಿಜ್ಞಾನದ ಶಿಕ್ಷಕರೊಂದಿಗೆ ಸೇರಿ ಈ ಭಾಗವನ್ನು ಸಮಾಧಾನದಿಂದ ಚರ್ಚಿಸುವುದು ಸರಿಯಾದ ದಾರಿ ಎಂದು ನನಗೆ ಅನ್ನಿಸಿದೆ.

ತರಗತಿಯಲ್ಲಿ ಮಾಡಬಹುದಾದ ಚಟುವಟಿಕೆ

ಬೇಕಾಗುವ ಸಾಮಗ್ರಿ: ಒಂದು ಸ್ಟೀಲ್ ಲೋಟ, ಹಿಡಿ ಇರುವ ಒಂದು ಪಿಂಗಾಣಿ ಕಪ್ಪು, ಒಂದು ಪೆನ್ಸಿಲ್, ಮಡಿಸಿದ ಕರವಸ್ತ್ರ. ಎರಡು ನಾಡಹೆಂಚು ಸಿಕ್ಕರೆ ಇನ್ನೂ ಒಳ್ಳೆಯದು.

1. ಲೋಟವನ್ನು ಕರವಸ್ತ್ರದ ಮೇಲಿಟ್ಟು ಅಂಚನ್ನು ಸುತ್ತಲೂ ತಟ್ಟಿ. ಸ್ವರ ಬದಲಾಗುತ್ತದೆಯೇ ಎಂದು ಕೇಳಿ.

2. ಖಾಲಿ ಕಪ್ಪನ್ನು ಅದೇ ರೀತಿ ಇಡಿ. ಅಂಚನ್ನು ಗಡಿಯಾರದ ಮುಖವೆಂದು, ಹಿಡಿ 12ರ ಜಾಗದಲ್ಲಿದೆಯೆಂದು ಭಾವಿಸಿ. 12, 3, 6, 9ರ ಜಾಗಗಳಲ್ಲಿ ತಟ್ಟಿ. ನಂತರ ಅವುಗಳ ನಟ್ಟನಡುವಿನ ಜಾಗಗಳಲ್ಲಿ, ಅಂದರೆ ಒಂದೂವರೆ, ನಾಲ್ಕೂವರೆ, ಏಳೂವರೆ, ಹತ್ತೂವರೆಯಲ್ಲಿ ತಟ್ಟಿ. ಮೊದಲ ನಾಲ್ಕರಲ್ಲಿ ಕೆಳಸ್ವರ, ಎರಡನೆಯ ನಾಲ್ಕರಲ್ಲಿ ಮೇಲ್ಸ್ವರ.

3. ಒಂದೇ ಜಾಗದಲ್ಲಿ ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ ತಟ್ಟಿ. ಏನು ಬದಲಾಯಿತು, ಏನು ಬದಲಾಗಲಿಲ್ಲ?

ಮೂರನೆಯ ಹಂತವನ್ನು ಬಿಡಬಾರದು. ‘ಜೋರಾಗಿ ಹೊಡೆದರೆ ಸ್ವರ ಏರುತ್ತದೆ’ ಎಂಬ ತಪ್ಪು ಕಲ್ಪನೆ ಮಕ್ಕಳಲ್ಲಿ ಸಾಮಾನ್ಯ. ಬಡಿತದ ಬಲ ಬದಲಾದರೆ ಪಾರ ಬದಲಾಗುತ್ತದೆ, ಶಬ್ದದ ಗಟ್ಟಿತನ ಬದಲಾಗುತ್ತದೆ. ಬಡಿತದ ಜಾಗ ಬದಲಾದರೆ ಆವೃತ್ತಿ ಬದಲಾಗುತ್ತದೆ. ಪಾರ ಮತ್ತು ಆವೃತ್ತಿ ಬೇರೆ ಬೇರೆ ಎಂಬುದು ಒಂದೇ ಕಪ್ಪಿನಲ್ಲಿ ಕಿವಿಗೇ ತಿಳಿಯುತ್ತದೆ.

ಕಪ್ಪನ್ನು ಕೈಯಲ್ಲಿ ಬಿಗಿಯಾಗಿ ಹಿಡಿದರೆ ನಾದ ಸಾಯುತ್ತದೆ. ಕಪ್ಪಿನಲ್ಲಿ ನೀರಿದ್ದರೆ ಎರಡೂ ಸ್ವರ ಇಳಿಯುತ್ತವೆ; ಅದನ್ನು ಬೇರೆ ಚಟುವಟಿಕೆಯಾಗಿಡುವುದು ಲೇಸು. ಸದ್ದಿನ ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳುವುದಿಲ್ಲವಾದ್ದರಿಂದ ಐದಾರು ಗುಂಪು ಮಾಡಿ ಪ್ರತಿ ಗುಂಪಿಗೂ ಒಂದು ಕಪ್ಪು ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ವಿವರಣೆಯನ್ನು ಮೊದಲು ಕೊಡಬಾರದು. ಮಕ್ಕಳು ಎಂಟು ಜಾಗಗಳ ನಕ್ಷೆ ಬರೆದು ‘ಕೆಳಗೆ’, ‘ಮೇಲೆ’ ಎಂದು ಗುರುತಿಸಿದ ನಂತರ ‘ಹಿಡಿ ಏನು ಮಾಡುತ್ತಿದೆ?’ ಎಂದು ಕೇಳಬೇಕು. ಗಂಟೆಗಳ ಕಥೆ ಅದಾದ ಮೇಲೆ ಬರಲಿ. ಆಗ ಬಾದಾಮಿ ಆಕಾರದ ಚಿತ್ರ ತೋರಿಸಿ ಬಡಿಯುವ ಜಾಗಗಳನ್ನು ಅವರಿಂದಲೇ ಊಹಿಸಿಸಬಹುದು.

ಮರುಪಾಠ

ಮಾರ್ಗದರ್ಶಕರ ಅನುಮತಿ ಪಡೆದು ಮುಂದಿನ ವಾರ ಅದೇ ತರಗತಿಗೆ ಮತ್ತೊಮ್ಮೆ ಹೋದೆ. ಮೊದಲು ಕಪ್ಪುಹಲಗೆಯ ಮೇಲೆ ಹಿಂದಿನ ವಾಕ್ಯವನ್ನೇ ಬರೆದು, ‘ಒಂದು’ ಎಂಬ ಪದವನ್ನು ಹೊಡೆದುಹಾಕಿದೆ. “ಹೋದ ವಾರ ನಾನು ತಪ್ಪು ಹೇಳಿದ್ದೆ, ಇವಳು ಸರಿ ಹೇಳಿದ್ದಳು” ಎಂದು ಆ ಹುಡುಗಿಯನ್ನು ಕರೆದು ಕಪ್ಪು ಅವಳ ಕೈಗೆ ಕೊಟ್ಟೆ. ತಪ್ಪೊಪ್ಪಿಕೊಂಡರೆ ತರಗತಿ ಹತೋಟಿ ತಪ್ಪುತ್ತದೆಂಬ ಅಂಜಿಕೆ ನನಗಿತ್ತು. ಹಾಗೇನೂ ಆಗಲಿಲ್ಲ. ಕಪ್ಪಿನ ಸ್ವರ ಕೇಳಿಸಿಕೊಳ್ಳಲು ತರಗತಿ ಎಂದಿಗಿಂತ ನಿಶ್ಶಬ್ದವಾಗಿತ್ತು.

ಹುವಾಂಗ್ ಅವರ ಮಾತಿಗೆ ಸಾಕ್ಷಿ ಒದಗಿಸಲು ಸಮಾಧಿಯೊಂದು ತೆರೆಯಬೇಕಾಯಿತು. ನನ್ನ ವಿದ್ಯಾರ್ಥಿನಿಯ ಮಾತಿಗೆ ಬೇಕಾಗಿದ್ದ ಸಾಕ್ಷಿ ನನ್ನ ಮೇಜಿನ ಮೇಲೇ ಇತ್ತು. ಒಂದು ಸಲ ತಟ್ಟಿ ನೋಡಿದ್ದರೆ ಸಾಕಿತ್ತು. ಈಗ ಪಾಠ ಯೋಜನೆ ಬರೆಯುವಾಗ ಪ್ರತಿ ಪ್ರಯೋಗದ ಎದುರಿಗೆ ‘ಮಕ್ಕಳಿಗೆ ಬೇರೆ ಫಲಿತಾಂಶ ಬಂದರೆ?’ ಎಂದು ಒಂದು ಸಾಲು ಬರೆದು, ಅದಕ್ಕೆ ಎರಡು ನಿಮಿಷ ಮೀಸಲಿಡುತ್ತೇನೆ.

ಆ ದಿನ ಅವಧಿ ಮುಗಿಯುವಾಗ ಅವಳೇ ಇನ್ನೊಂದು ಪ್ರಶ್ನೆ ಕೇಳಿದಳು: “ಮಿಸ್, ಬಾಣಲೆಗೆ ಎರಡು ಕಡೆ ಹಿಡಿ ಇರುತ್ತಲ್ಲ, ಅದಕ್ಕೆ ಎಷ್ಟು ಸ್ವರ?” ಎದುರುಬದುರಾಗಿರುವ ಎರಡು ಹಿಡಿಗಳು ಒಂದೇ ವಿನ್ಯಾಸದ ಪ್ರಸ್ಪಂದಗಳ ಮೇಲೆ ಬೀಳುತ್ತವೆ, ಆದ್ದರಿಂದ ಆಗಲೂ ಎರಡೇ ಸ್ವರ, ಅಂತರ ಮಾತ್ರ ಹೆಚ್ಚಬೇಕು. ಉತ್ತರ ನನಗೆ ಗೊತ್ತಿತ್ತು. ಆದರೂ ಹೇಳಲಿಲ್ಲ. “ನಾಳೆ ಮನೆಯಿಂದ ತಗೊಂಡು ಬಾ, ತಟ್ಟಿ ನೋಡೋಣ” ಎಂದೆ.